ಪಾಲಿಮರ್ ಲೇಪನವಿರುವ ನೇಯ್ದ ಚೀಲಗಳು: ಬಳಕೆಯ ನಂತರದ ವಿಮರ್ಶೆ

ನುಣ್ಣನೆಯ ಪುಡಿಯನ್ನು ತುಂಬಿಡಲು ನಾವು ಆರಿಸಿಕೊಂಡ, ಲೇಪನವಿರುವ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಚೀಲಗಳು ಮುಖ್ಯ ಕೆಲಸವನ್ನು ಚೆನ್ನಾಗಿ ನಿರ್ವಹಿಸಿವೆ: ನೇಯ್ಗೆಯ ಪಟ್ಟಿಗಳ ನಡುವಿನ ಸಂದುಗಳನ್ನು ಲೇಪನವು ಮುಚ್ಚಿರುವುದರಿಂದ ಪುಡಿ ಸೋರುವುದಿಲ್ಲ, ತೇವವೂ ಸುಲಭವಾಗಿ ಒಳಗಿಳಿಯುವುದಿಲ್ಲ. ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕನ್ನು ಮಾತ್ರ ಲೇಪಿಸಿದರೆ ಅದು ಈ ನೇಯ್ದ ಬಟ್ಟೆಗೆ ಗಟ್ಟಿಯಾಗಿ ಅಂಟುವುದಿಲ್ಲ. ಇಲ್ಲಿ ಪಾಲಿಪ್ರೊಪಿಲೀನಿಗೇ ಕಡಿಮೆ ಸಾಂದ್ರತೆಯ ಪಾಲಿಎಥಿಲೀನನ್ನು ಬೆರೆಸಿ, ಕರಗಿಸಿ, ತೆಳುವಾಗಿ ಹರಡಿರುವುದರಿಂದ ಚೀಲವನ್ನು ಮತ್ತೆ ಮತ್ತೆ ಮಡಚಿದರೂ ಪದರ ಏಳಲಿಲ್ಲ, ಮತ್ತು ಇದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಆದರೆ ಹೊಲಿಗೆಯ ಸೂಜಿರಂಧ್ರಗಳನ್ನು ಹಾಗೆಯೇ ಬಿಟ್ಟಿರುವುದು ದೊಡ್ಡ ಕೊರತೆ. ಬಟ್ಟೆಯನ್ನು ಎಷ್ಟೇ ಚೆನ್ನಾಗಿ ಲೇಪಿಸಿದರೂ ತೇವವು ಅಲ್ಲಿಂದಲೇ ನುಸುಳುತ್ತದೆ. ತುಂಬುವಾಗ ಗಾಳಿ ಹೊರಹೋಗಲು ಸೂಕ್ಷ್ಮರಂಧ್ರಗಳಿರುವ ಮಾದರಿಯನ್ನೇ ಕೇಳಿ ಪಡೆಯಬೇಕು (ಇಲ್ಲದಿದ್ದರೆ ಚೀಲ ಉಬ್ಬಿ, ಪೇರಿಸಿದ ರಾಶಿ ಜಾರುತ್ತದೆ). ನೇರಳಾತೀತ ಕಿರಣಗಳಿಂದ ರಕ್ಷಿಸುವ ಸಂಯುಕ್ತವನ್ನು ಸೇರಿಸದ ಚೀಲಗಳನ್ನು ಬಿಸಿಲಿನಲ್ಲಿ ಇಡಬಾರದು.