ಎರಡು ವರ್ಷ, ಒಂದು ಎಂ340ಐ, ಏಳು ಹಂಪ್ಸ್

ನಮ್ಮ ಮನೆಯ ಗೇಟಿನಿಂದ ಮುಖ್ಯರಸ್ತೆಗೆ 600 ಮೀಟರ್. ಅಷ್ಟರಲ್ಲಿ ಏಳು ಹಂಪ್ಸ್. ನನ್ನ ಬಿಎಂಡಬ್ಲ್ಯು ಎಂ340ಐ ಕಾರಿನ ಬಗ್ಗೆ ಯಾರು ಏನೇ ಕೇಳಲಿ, ನನ್ನ ಬಾಯಿಂದ ಮೊದಲು ಬರುವುದು ಇದೇ. ಪವರ್ ಎಷ್ಟು, ಟಾರ್ಕ್ ಎಷ್ಟು, ಪರದೆ ಎಷ್ಟು ಇಂಚು ಅಂತೆಲ್ಲ ನೀವು ಆಗಲೇ ಓದಿರುತ್ತೀರಿ. ಹಂಪ್ಸ್ ವಿಷಯ ಮಾತ್ರ ಯಾರೂ ಹೇಳುವುದಿಲ್ಲ.

ನಾನು ಪೀಣ್ಯದಲ್ಲಿ ಮಶೀನ್ ಶಾಪ್ ನಡೆಸುತ್ತೇನೆ. ಟರ್ನಿಂಗ್ ಕೆಲಸ, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವುದು. ದಿನವಿಡೀ ಯಂತ್ರದ ಸದ್ದಿನಲ್ಲೇ ಇರುವವನು. 2024ರ ಶುರುವಿನಲ್ಲಿ ನಾನೂ ಒಂದು ಒಳ್ಳೆಯ ಕಾರು ತಗೊಳ್ಳೋಣ ಅಂತ ಹೊರಟಾಗ ಕೊನೆಗೆ ಉಳಿದದ್ದು ಎರಡು: ಬಿಎಂಡಬ್ಲ್ಯು ಎಂ340ಐ ಮತ್ತು ಮರ್ಸಿಡಿಸ್-ಎಎಂಜಿ ಸಿ43. ಎರಡೂ ನಾಲ್ಕು ಬಾಗಿಲಿನವು. ಎರಡರಲ್ಲೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ. ಸೊನ್ನೆಯಿಂದ 100ಕ್ಕೆ ಒಂದು 4.4 ಸೆಕೆಂಡು, ಇನ್ನೊಂದು 4.6. ಈ 0.2 ಸೆಕೆಂಡಿಗೆ ಜಗಳ ಆಡುವವರು ಆಡಲಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿಯೇ 100. 4.4 ಸೆಕೆಂಡಿನಲ್ಲಿ ಮಜಾ ಮುಗಿಯಿತು, ಆಮೇಲೆ ಮೈಸೂರಿನವರೆಗೂ ಕ್ಯಾಮೆರಾ ಎಣಿಸುತ್ತಾ ಕೂರಬೇಕು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಬೇರೆ.

ಮನಸ್ಸು ಮೊದಲು ವಾಲಿದ್ದು ಸಿ43 ಕಡೆಗೇ, ಸುಳ್ಳು ಯಾಕೆ ಹೇಳಲಿ. ಅದರ ಟರ್ಬೊ ಒಳಗೆ ಎಂಜಿನ್ನಿನ ಹೊಗೆಗೆ ತಿರುಗುವ ಟರ್ಬೈನಿಗೂ ಎಂಜಿನ್ನಿಗೆ ಗಾಳಿ ನೂಕುವ ಕಂಪ್ರೆಸರಿಗೂ ನಡುವೆ ಒಂದು ಪುಟ್ಟ ಮೋಟರ್ ಇದೆ. ನಾಲ್ಕು ಸೆಂಟಿಮೀಟರ್ ದಪ್ಪ, ಅಷ್ಟೆ. ಎಕ್ಸಾಸ್ಟ್ ಗಾಳಿ ಬರುವವರೆಗೂ ಕಾಯದೆ ಆ ಮೋಟರೇ ಟರ್ಬೊವನ್ನು ತಿರುಗಿಸಿಬಿಡುತ್ತದೆ. ವೇಗ ನಿಮಿಷಕ್ಕೆ 1,75,000 ಸುತ್ತಿನವರೆಗೆ. ನಮ್ಮ ಶಾಪಿನ ಲೇತ್ 4,000ಕ್ಕೆ ಹೋದರೆ ಬೇರಿಂಗ್ ಏನಾಗುತ್ತೋ ಅಂತ ನಾನು ಕಿವಿಗೊಟ್ಟು ನಿಲ್ಲುತ್ತೇನೆ. ಜೊತೆಗೆ ಎಂಜಿನ್ನನ್ನು ಜರ್ಮನಿಯ ಅಫಾಲ್ಟರ್‌ಬಾಕ್‌ನಲ್ಲಿ ಒಬ್ಬನೇ ಮೆಕ್ಯಾನಿಕ್ ಶುರುವಿನಿಂದ ಕೊನೆಯವರೆಗೂ ಜೋಡಿಸಿ, ತನ್ನ ಸಹಿಯ ಫಲಕ ಅಂಟಿಸುತ್ತಾನೆ. ಶೋರೂಮಿನಲ್ಲಿ ಬಾನೆಟ್ ತೆಗೆಸಿ ಆ ಸಹಿಯನ್ನೇ ಐದು ನಿಮಿಷ ನೋಡಿದೆ. ಸೇಲ್ಸ್ ಹುಡುಗ ಆಗಲೇ ವ್ಯಾಪಾರ ಕುದುರಿತು ಅಂದುಕೊಂಡಿರಬೇಕು.

ಆಮೇಲೆ ಸ್ಟಾರ್ಟ್ ಮಾಡಿಸಿದೆ. ನಾಲ್ಕು ಸಿಲಿಂಡರ್. ಎರಡೇ ಲೀಟರಿನ ಎಂಜಿನ್ನಿನಲ್ಲಿ 408 ಅಶ್ವಶಕ್ತಿ ತೆಗೆದದ್ದಕ್ಕೆ ನಮಸ್ಕಾರ. ಆದರೆ ಕಿವಿ ಒಪ್ಪಲಿಲ್ಲ.

ಬಿಎಂಡಬ್ಲ್ಯುದು ಮೂರು ಲೀಟರ್, ಆರು ಸಿಲಿಂಡರ್, ಒಂದೇ ಸಾಲು. ಹೀಗೆ ಸಾಲಾಗಿ ನಿಂತ ಆರರಲ್ಲಿ ಒಂದು ಪಿಸ್ಟನ್ ಕುಲುಕಿದ್ದನ್ನು ಇನ್ನೊಂದು ಸರಿದೂಗಿಸುತ್ತದೆ. ಕುಲುಕಾಟ ಅಡಗಿಸುವ ಬ್ಯಾಲೆನ್ಸ್ ಶಾಫ್ಟಿನ ಹಂಗಿಲ್ಲ. ನಾಲ್ಕು ಸಿಲಿಂಡರಿನದರಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಒಂದು ಸುತ್ತು ಬಂದರೆ ಎರಡು ಸಲ ಮೇಲೆ ಕೆಳಗೆ ನೂಕುವ ಬಲ ಒಂದು ಉಳಿದೇ ಉಳಿಯುತ್ತದೆ. ಅದನ್ನು ಬೇರೆ ಶಾಫ್ಟ್ ಹಾಕಿ ಅಡಗಿಸಬೇಕು. ಅಡಗುತ್ತದೆ, ನಿಜ. ಆದರೆ ಲೇತಿನಲ್ಲಿ ತಿರುಗುವ ದಂಡ, ಅಂದರೆ ಸ್ಪಿಂಡಲ್, ಅದರಲ್ಲಿ ಚೆನ್ನಾಗಿ ಹುಟ್ಟಿದ ಸ್ಪಿಂಡಲ್ಲಿಗೂ ತೂಕ ಕಟ್ಟಿ ಸರಿಮಾಡಿದ ಸ್ಪಿಂಡಲ್ಲಿಗೂ ಇರುವ ವ್ಯತ್ಯಾಸ ಈ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ. ಕಾರು ಮನೆಗೆ ಬಂದ ಮೇಲೆ ಎಂಜಿನ್ ಓಡುತ್ತಿರುವಾಗ ಅದರ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟು ನೋಡಿದೆ. ನೀರು ಅಲುಗಿತೋ ಇಲ್ಲವೋ ಅಂತ ಬಗ್ಗಿ ಹುಡುಕಬೇಕಾಯಿತು. "ಆ ಲೋಟ ವಾಪಸ್ ಅಡುಗೆಮನೆಗೆ ತರಬೇಡಿ" ಅಂದಳು ನನ್ನವಳು.

ದುಡ್ಡಿನ ಲೆಕ್ಕವೂ ಇತ್ತು. ಸಿ43 ಪೂರ್ತಿ ಹೊರಗಿನಿಂದ ಬರುವ ಕಾರು, 2023ರ ನವೆಂಬರಿನಲ್ಲಿ ಬಂದಾಗ ಶೋರೂಂ ಬೆಲೆ 98 ಲಕ್ಷ. ಎಂ340ಐ ಚೆನ್ನೈನಲ್ಲೇ ಜೋಡಣೆ ಆಗುವುದರಿಂದ ಆಗ 70 ಲಕ್ಷದ ಆಸುಪಾಸು ಇತ್ತು. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ: 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ 18 ಪರ್ಸೆಂಟ್, ಅದಕ್ಕೆ ಸೆಸ್. ನನ್ನದಕ್ಕೇ 14 ಲಕ್ಷ ಆಯಿತು. ಸಿ43ಗಾಗಿದ್ದರೆ ಇಪ್ಪತ್ತಕ್ಕೆ ಹತ್ತಿರ. ತೆರಿಗೆ ಉಳಿಸಲು ಪುದುಚೇರಿ ನಂಬರ್ ಹಾಕಿಸಿ ಅಂತ ಹೇಳಿದವರಿದ್ದರು. ನನಗೆ ರಾತ್ರಿ ನಿದ್ದೆ ಬೇಕು. ಎರಡು ಕಾರಿನ ನಡುವಿನ ಆ ಮೂವತ್ತು ಚಿಲ್ಲರೆ ಲಕ್ಷದಲ್ಲಿ ಕಂಪ್ಯೂಟರ್ ನಡೆಸುವ ಒಂದು ಒಳ್ಳೆಯ ಸಿಎನ್‌ಸಿ ಟರ್ನಿಂಗ್ ಮಶೀನ್ ಬರುತ್ತದೆ. ನಾನು ಅದನ್ನೂ ತಗೊಂಡೆ. ಆ ಮಶೀನು ಈ ಕಾರಿನ ಪೆಟ್ರೋಲಿಗಾದರೂ ದುಡಿಯುತ್ತಿದೆ. ಊರೊಳಗೆ ಲೀಟರಿಗೆ ಆರೂವರೆ, ಏಳು ಕಿ.ಮೀ. ಕೊಡುವ ಕಾರಿಗೆ ಅಂಥದ್ದೊಂದು ಆಧಾರ ಬೇಕೇ ಬೇಕು.

ಈಗ ಹಂಪ್ಸ್‌ಗೆ ಬರುತ್ತೇನೆ.

ಕಾರಿನ ಮೂಗು ತಗ್ಗು. ಇಂಥ ಕಾರುಗಳೆಲ್ಲ ಹಾಗೇ. ಏಳರಲ್ಲಿ ನಾಲ್ಕನ್ನು ನೇರ ದಾಟಬಹುದು. ಎರಡನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಮೂರನೆಯದು ಮಾತ್ರ ರಾಕ್ಷಸ. ಮೊದಲ ವಾರವೇ ಅದು ಕೆಳಗಿನ ಪ್ಲಾಸ್ಟಿಕ್ ಕವರನ್ನು ಕೆರೆದು ಬಿಟ್ಟಿತು. ಆ ಕರ್ರ್ ಸದ್ದು ಕೇಳಿದಾಗ ನನ್ನ ಹಲ್ಲೇ ಯಾರೋ ಅರದಿಂದ ಉಜ್ಜಿದ ಹಾಗಾಯಿತು. ಒಂದು ದಿನ ನಾನು ಓರೆಯಾಗಿ ರಸ್ತೆ ತುಂಬ ನಿಂತು ಇಂಚಿಂಚೇ ಹತ್ತಿಸುತ್ತಿದ್ದಾಗ ಹಿಂದಿದ್ದ ಆಟೋದವರು ತಲೆ ಹೊರಗೆ ಹಾಕಿದರು. "ಏನ್ ಸಾರ್, ಬಾಣಂತಿ ಕೈ ಹಿಡ್ದು ದಾಟಿಸ್ದಂಗೆ ದಾಟಿಸ್ತಿದೀರಾ?" ನಗು ಬಂತು, ಸಿಟ್ಟೂ ಬಂತು.

ಆ ಭಾನುವಾರ ಟೇಪು, ರಸಮಟ್ಟ ಹಿಡಿದುಕೊಂಡು ಹೋಗಿ ಅಳೆದೆ. ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಲ್ಲಿ ಹಂಪ್ ಹೀಗಿರಬೇಕು ಅಂತ ಚಿತ್ರವೇ ಇದೆ: 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂಥದ್ದು. ನಮ್ಮ ಮೂರನೆಯದು 60 ಸೆಂಟಿಮೀಟರ್ ಅಗಲ, 14 ಎತ್ತರ. ಯಾರದೋ ಮನೆ ಕಟ್ಟುವಾಗ ಉಳಿದ ಕಾಂಕ್ರೀಟ್ ತಂದು ಸುರಿದ ಹಾಗಿದೆ. ಬಹುಶಃ ಹಾಗೇ ಆಗಿದೆ ಕೂಡ. ಶಾಪಿನಲ್ಲಿ ಡ್ರಾಯಿಂಗ್ ಮಾಡಿಸಿ, ಎರಡೂ ಆಕಾರ ಅಕ್ಕಪಕ್ಕ ಇಟ್ಟು, ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಟಾಲರೆನ್ಸ್ ಸಮೇತ ಬಡಾವಣೆಯ ಸಂಘಕ್ಕೆ ಅರ್ಜಿ ಕೊಟ್ಟೆ. ಟಾಲರೆನ್ಸ್ ಹಾಕಿದ್ದು ಸ್ವಲ್ಪ ಜಾಸ್ತಿ ಆಯಿತು, ಒಪ್ಪುತ್ತೇನೆ.

ಇಷ್ಟೆಲ್ಲ ಕಾಟ ಇದ್ದೂ ಕಾರನ್ನು ಯಾಕೆ ಇಟ್ಟುಕೊಂಡಿದ್ದೀಯಾ ಅಂದರೆ, ಭಾನುವಾರಕ್ಕಾಗಿ.

ಬೆಳಿಗ್ಗೆ ಐದೂವರೆ. ಗೇಟು ತೆಗೆದು ಸ್ಟಾರ್ಟ್ ಒತ್ತುತ್ತೇನೆ. ತಣ್ಣಗಿರುವ ಎಂಜಿನ್ ಒಮ್ಮೆ ಗುಡುಗಿ, ಅರ್ಧ ನಿಮಿಷ ಗಂಟಲು ಸರಿಮಾಡಿಕೊಂಡು, ನಿಧಾನಕ್ಕೆ ಗುಂಯ್ ಅನ್ನುವ ಶ್ರುತಿಗೆ ಇಳಿಯುತ್ತದೆ. ನಾನು ಗೇಟಿನ ಹತ್ತಿರವೇ ನಿಂತು ಪೂರ್ತಿ ಕೇಳುತ್ತೇನೆ. ಆಮೇಲೆ ಏಳು ಹಂಪ್ಸ್. ಜಾಲಹಳ್ಳಿ ಕ್ರಾಸ್ ಕಡೆಯಿಂದ ತುಮಕೂರು ರಸ್ತೆ. ಆಯಿಲ್ ಬಿಸಿಯಾಗುವವರೆಗೂ ಕಾಲು ಭಾರ ಮಾಡುವುದಿಲ್ಲ. ಶಾಪಿನಲ್ಲಿ ಬೆಳಿಗ್ಗೆ ಸ್ಪಿಂಡಲ್ ವಾರ್ಮ್‌ಅಪ್ ಮಾಡದೆ ಕಟಿಂಗ್ ಶುರು ಮಾಡಿದ ಹುಡುಗರಿಗೆ ಬೈಯುವವನು ನಾನೇ ಅಲ್ವಾ? ನೆಲಮಂಗಲ ದಾಟುವ ಹೊತ್ತಿಗೆ ಎಲ್ಲ ಹದಕ್ಕೆ ಬಂದಿರುತ್ತದೆ. ಟೋಲ್ ಬೂತಿನಿಂದ ಹೊರಬಿದ್ದಾಗ ಒಂದೇ ಒಂದು ಸಲ ಪೂರ್ತಿ ಒತ್ತುತ್ತೇನೆ. ನಾಲ್ಕೂವರೆ ಸೆಕೆಂಡು. ಅಷ್ಟೇ. ಆಮೇಲೆ ಮಿತಿಯೊಳಗೇ ಹೋಗುತ್ತೇನೆ.

ದಾಬಸ್‌ಪೇಟೆ ಹತ್ತಿರ ಎಡಕ್ಕೆ ಶಿವಗಂಗೆ ಬೆಟ್ಟ ಮಂಜಿನಲ್ಲಿ ಅರ್ಧ ಮುಳುಗಿರುತ್ತದೆ. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಒಂದು ಕಾಫಿ. ಎಂಟೂವರೆಗೆ ವಾಪಸ್ ಮನೆ. ಹೆದ್ದಾರಿಯಲ್ಲಿ ಲೀಟರಿಗೆ 12, ಒಮ್ಮೊಮ್ಮೆ 13 ಕೊಡುತ್ತದೆ. ಇದು ನಾನು ನಿರೀಕ್ಷಿಸಿರಲಿಲ್ಲ. ಕಂಫರ್ಟ್ ಮೋಡಿನಲ್ಲಿ 90ಕ್ಕೆ ಹೋಗುತ್ತಿದ್ದರೆ ಇದು ಅಷ್ಟು ಜೋರಿನ ಕಾರು ಅಂತ ಅನ್ನಿಸುವುದೇ ಇಲ್ಲ. ಅಮ್ಮನನ್ನು ಒಮ್ಮೆ ಸಿದ್ಧಗಂಗೆಗೆ ಕರೆದುಕೊಂಡು ಹೋದೆ. ಹತ್ತುವಾಗ "ಇದೇನೋ ಬಾವಿಗಿಳಿದ ಹಾಗಿದೆ" ಅಂದವರು ದಾರಿಯುದ್ದಕ್ಕೂ ಒಳ್ಳೆಯ ನಿದ್ದೆ ಮಾಡಿದರು.

ಸಿ43 ತಗೊಂಡ ಗೆಳೆಯರೊಬ್ಬರಿದ್ದಾರೆ. ಅದರ ಹಿಂದಿನ ಚಕ್ರಗಳೂ ಎರಡೂವರೆ ಡಿಗ್ರಿ ತಿರುಗುತ್ತವೆ, ನಮ್ಮ ಬಡಾವಣೆಯ ಇಕ್ಕಟ್ಟಿನ ತಿರುವಿನಲ್ಲಿ ಆ ಕಾರು ಸಲೀಸಾಗಿ ತಿರುಗಿದ್ದನ್ನು ನೋಡಿ ಹೊಟ್ಟೆ ಉರಿಯಿತು. ಮೂರನೇ ಹಂಪಿನ ಮುಂದೆ ಬಂದಾಗ ಅವರೂ ಓರೆಯಾಗಿ ನಿಂತರು. ಸ್ವಲ್ಪ ಸಮಾಧಾನ ಆಯಿತು.

ಹೋದ ತಿಂಗಳು ಸಂಘದ ಕಾರ್ಯದರ್ಶಿಗಳು ಸಿಕ್ಕಿದ್ದರು. ನನ್ನ ಡ್ರಾಯಿಂಗ್ ಏನಾಯಿತು ಅಂತ ಕೇಳಿದೆ.

"ನೋಡ್ದೆ ಸಾರ್, ಚೆನ್ನಾಗಿದೆ. ಆದ್ರೆ ಇನ್ನೊಂದು ಕಂಪ್ಲೇಂಟ್ ಬಂದಿದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಯಾವ್ದೋ ಕಾರು ಗುಡುಗಿದಂಗೆ ಸದ್ದು ಮಾಡುತ್ತಂತೆ. ವಯಸ್ಸಾದವರಿಗೆಲ್ಲ ಎಚ್ಚರ ಆಗುತ್ತೆ. ಸ್ಪೀಡಾಗಿ ಹೋಗೋ ಹುಡುಗ್ರು ಇರಬೇಕು. ಅದಕ್ಕೇ ಇನ್ನೊಂದು ಹಂಪ್ ಹಾಕಿಸ್ತಿದೀವಿ."

ನಾನು ಹೂಂ ಅಂದೆ. ಎಂಟನೆಯದಕ್ಕೆ ಜಲ್ಲಿ ಬಂದು ಬಿದ್ದಿದೆ, ನಮ್ಮ ಗೇಟಿನಿಂದ ಹತ್ತೇ ಅಡಿಗೆ.