ಗೃಹಪ್ರವೇಶಕ್ಕೆ ದಿನ ನೋಡಿಸುವ ಮೊದಲು ಬಚ್ಚಲಲ್ಲಿ ನೀರು ನಿಲ್ಲಿಸಿ ನೋಡಿ

ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಟೈಲ್ಸ್, ಪುಟ್ಟಿ, ಪೇಂಟ್ ಹಂತಕ್ಕೆ ಬಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೈಸೂರಿನ ಬೋಗಾದಿ ಕಡೆ ನಾವು ಮನೆ ಕಟ್ಟಿಸಿದೆವು. ಒಕ್ಕಲು ಬಂದ ಮೊದಲ ಮಳೆಗಾಲದಲ್ಲೇ ಮಹಡಿಯ ಬಚ್ಚಲುಮನೆಯನ್ನು ಪೂರ್ತಿ ಒಡೆಸಬೇಕಾಯಿತು. ಒಡೆದಾಗ ಟೈಲ್ಸ್ ಅಡಿ ಏನಿತ್ತು, ಏನಿರಲಿಲ್ಲ ಅನ್ನೋದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಇನ್ನೊಬ್ಬರಿಗೆ ಹೀಗಾಗಬಾರದು.

ಮೋಲ್ಡ್, ಅಂದರೆ ಸೂರಿನ ಕಾಂಕ್ರೀಟ್, ಹಾಕುವವರೆಗೆ ನಮ್ಮ ಮನೆ ಕೆಲಸ ಚೆನ್ನಾಗೇ ನಡೆಯಿತು. ಇಂಜಿನಿಯರ್ ಬರುತ್ತಿದ್ದರು, ಕಂಬಿ ಅಳೆದು ನೋಡುತ್ತಿದ್ದರು, ಕ್ಯೂರಿಂಗ್ ಸಾಲದು ಅಂತ ಮೇಸ್ತ್ರಿಯನ್ನು ಬೈಯುತ್ತಿದ್ದರು. ಮೋಲ್ಡ್ ಆದ ಮೇಲೆ ಅವರು ಬರೋದೇ ಕಡಿಮೆಯಾಯಿತು. ಇನ್ನೇನು, ಬರೀ ಫಿನಿಶಿಂಗ್ ತಾನೆ ಅಂತ ಎಲ್ಲರೂ ಹೇಳುವವರೇ. ಫಿನಿಶಿಂಗ್ ಅಂದರೆ ಅಂದಚೆಂದದ ಕೆಲಸ ಅನ್ನೋ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಮನೆಯೊಳಗೆ ನೀರಿನ ಪೈಪು, ಕರೆಂಟಿನ ವೈರು ಓಡಾಡುವುದು ಆ ಹಂತದಲ್ಲೇ. ಗೋಡೆಯೊಳಗೆ, ನೆಲದಡಿ ಮುಚ್ಚಿಹೋಗಿ ಮತ್ತೆ ಕಣ್ಣಿಗೆ ಬೀಳದ ಕೆಲಸವೆಲ್ಲ ಆಗಲೇ ಮುಗಿಯುತ್ತದೆ. ಮೇಲುಸ್ತುವಾರಿ ಜಾಸ್ತಿ ಬೇಕಾಗಿರುವುದೂ ಆಗಲೇ.

ನಮ್ಮ ಗೋಳಿಗೆ ಮೂಲ ಅವಸರ. ಆಷಾಢ ಬರುವುದರೊಳಗೆ ಹಾಲು ಉಕ್ಕಿಸಿಬಿಡಬೇಕು ಅಂತ ಮನೆಯಲ್ಲಿ ಹಿರಿಯರ ಆಸೆ. ಅದು ತಪ್ಪಲ್ಲ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರೋದೇ. ಕಂಟ್ರಾಕ್ಟರ್ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. "ಡೇಟ್ ಫಿಕ್ಸ್ ಮಾಡ್ಕೊಳಿ ಮೇಡಂ, ಕಾರ್ಡು ಪ್ರಿಂಟಿಗೆ ಕೊಡಿ. ಬೀಗದ ಕೈ ನಿಮ್ಮ ಕೈಗೆ ಕೊಡೋ ಜವಾಬ್ದಾರಿ ನಂದು" ಅಂದರು. ಕಾರ್ಡು ಹಂಚಿದ ಮೇಲೆ ಮನೆ ಯಜಮಾನರ ಬಾಯಿ ಕಟ್ಟಿಹೋಗುತ್ತದೆ. ಏನು ಕೇಳಿದರೂ "ಡೇಟ್ ಹತ್ತಿರ ಬಂತಲ್ಲ" ಅನ್ನೋ ಒಂದೇ ಉತ್ತರ.

ಅದು 2025. ಆ ವರ್ಷ ಆಷಾಢ ಜೂನ್ 26ಕ್ಕೆ ಶುರುವಾಯಿತು. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು. ಕೊಡಗಿನ ಮಳೆಗೆ ಜೂನ್ ತಿಂಗಳಲ್ಲೇ ಕನ್ನಂಬಾಡಿ ಕಟ್ಟೆ ತುಂಬಿತು, ನೆನಪಿದೆ ಅಲ್ವಾ? ಗಾಳಿಯಲ್ಲೇ ತೇವ. ಗೋಡೆ ಒಣಗುತ್ತಿರಲಿಲ್ಲ. ಅಂಥ ಹವಾಮಾನದಲ್ಲಿ ಕೊನೆಯ ವಾರಗಳಲ್ಲಿ ಟೈಲ್ಸ್‌ನವರು, ಪೇಂಟರು, ಎಲೆಕ್ಟ್ರಿಷಿಯನ್, ಬಡಗಿ ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಟ್ಟರು. ಒಬ್ಬರು ಮಾಡಿದ್ದರ ಮೇಲೆ ಇನ್ನೊಬ್ಬರು ಓಡಾಡಿದರು.

ಮಹಡಿ ಬಚ್ಚಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಪೈಪು ಹಾಯಿಸಲು ಮೋಲ್ಡನ್ನು ಮುಕ್ಕಾಲು ಅಡಿಯಿಂದ ಒಂದು ಅಡಿಯವರೆಗೆ ತಗ್ಗಿಸಿರುತ್ತಾರೆ. ಸಂಕನ್ ಸ್ಲ್ಯಾಬ್ ಅನ್ನುತ್ತಾರೆ. ಆ ಗುಂಡಿಯಲ್ಲಿ ಪೈಪು ಕೂರಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಗಾರೆ ಎಳೆದು ಟೈಲ್ಸ್ ಹಾಕುತ್ತಾರೆ. ಟೈಲ್ಸ್ ಸಂದಿಯಿಂದ ಒಂದಿಷ್ಟು ನೀರು ಇಳಿದೇ ಇಳಿಯುತ್ತದೆ. ಇಳಿದ ನೀರು ಗುಂಡಿಯಲ್ಲಿ ನಿಲ್ಲುತ್ತದೆ. ಅದು ಕೆಳಮನೆಗೆ ಬರದಂತೆ ತಡೆಯುವುದು ಗುಂಡಿಯ ತಳಕ್ಕೂ ಪಕ್ಕಕ್ಕೂ ಬಳಿಯುವ ವಾಟರ್‌ಪ್ರೂಫಿಂಗ್ ಮಾತ್ರ. ಅದನ್ನು ಒಂದು ಕೋಟ್ ಬಳಿದು, ಒಣಗಿಸಿ, ಅಡ್ಡಲಾಗಿ ಇನ್ನೊಂದು ಕೋಟ್ ಬಳಿಯಬೇಕು. ಗೋಡೆ ಮೇಲೂ ಹತ್ತಿಸಬೇಕು. ಆಮೇಲೆ ಪೈಪಿನ ಬಾಯಿ ಮುಚ್ಚಿ, ನೀರು ತುಂಬಿ, ಮಟ್ಟಕ್ಕೆ ಗೋಡೆಯಲ್ಲಿ ಗೆರೆ ಎಳೆದು, ಕಡಿಮೆಯೆಂದರೂ 48 ಗಂಟೆ ಬಿಡಬೇಕು. 72 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಕೆಳಗಿನ ಸೀಲಿಂಗ್ ಒಣಗಿದ್ದು, ಗೆರೆಯಿಂದ ನೀರು ಇಳಿಯದಿದ್ದರೆ ಮಾತ್ರ ಮುಂದಿನ ಕೆಲಸ.

ನಮ್ಮಲ್ಲಿ ಸಂಜೆ ಬಳಿದರು, ಬೆಳಿಗ್ಗೆ ಅದರ ಮೇಲೆ ಇಟ್ಟಿಗೆ ಚೂರು ಸುರಿಯುತ್ತಿದ್ದರು. ನೀರು ನಿಲ್ಲಿಸಿ ನೋಡಲ್ವಾ ಅಂತ ನಮ್ಮನೆಯವರು ಕೇಳಿದರು. "ಅದಕ್ಕೆ ಮೂರು ದಿನ ಹೋಗುತ್ತೆ ಸಾರ್. ಡಬಲ್ ಕೆಮಿಕಲ್ ಹಾಕಿಸಿದ್ದೀನಿ, ನಾನಿದ್ದೀನಲ್ಲ" ಅಂತ ಉತ್ತರ ಬಂತು. ಗೃಹಪ್ರವೇಶದ ಹಿಂದಿನ ದಿನ ಹುಡುಗರಿಗೆ ಬಟವಾಡೆ ಮಾಡಬೇಕು ಅಂತ ಕೊನೆಯ ಕಂತನ್ನೂ ಪೂರ್ತಿ ಇಸಿದುಕೊಂಡರು. ಚಪ್ಪರ ಹಾಕುವವರು, ಅಡುಗೆಯವರು ಬಂದು ನಿಂತಿರುವಾಗ ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ?

ಆ ಬಚ್ಚಲಿನ ಕೆಳಗಿರುವ ಊಟದ ಹಾಲ್‌ನ ಸೀಲಿಂಗಿನಲ್ಲಿ ಮೊದಲು ಪೇಂಟ್ ಉಬ್ಬಿತು. ಆಮೇಲೆ ಕಂದು ಬಣ್ಣದ ಕಲೆ ಕಾಣಿಸಿತು, ದಿನದಿನಕ್ಕೆ ಅಗಲವಾಯಿತು. ಫೋನ್ ಮಾಡಿದರೆ "ಮೇಲೆ ಜಾಯಿಂಟಿಗೆ ಎಪಾಕ್ಸಿ ತುಂಬಿಸ್ತೀನಿ, ಸರಿಹೋಗುತ್ತೆ" ಅಂದರು. ತುಂಬಿಸಿದರು. ಕೆಲವು ದಿನ ಕಡಿಮೆಯಾದ ಹಾಗೆ ಕಂಡಿತು, ಮತ್ತೆ ಶುರುವಾಯಿತು. ಈ ಮಾತಿಗೆ ದಯವಿಟ್ಟು ಯಾರೂ ಮರುಳಾಗಬೇಡಿ. ಟೈಲ್ಸ್ ಜಾಯಿಂಟ್ ತುಂಬುವುದು ವಾಟರ್‌ಪ್ರೂಫಿಂಗ್ ಅಲ್ಲ. ಗುಂಡಿಯಲ್ಲಿ ಆಗಲೇ ನಿಂತಿರುವ ನೀರಿಗೆ ಮೇಲೆ ಮುಚ್ಚಳ ಹಾಕಿದರೆ ಅದು ಕೆಳಗೇ ದಾರಿ ಹುಡುಕುತ್ತದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಮನೆಯಿಡೀ ಕರೆಂಟು ಹೋಯಿತು. ಮೆಯಿನ್ ಬೋರ್ಡಿನಲ್ಲಿರುವ ಆರ್‌ಸಿಸಿಬಿ ಅನ್ನೋ ಸುರಕ್ಷತಾ ಸ್ವಿಚ್ ಟ್ರಿಪ್ ಆಗಿತ್ತು. ಎತ್ತಿದರೆ ಮತ್ತೆ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಒಂದೊಂದೇ ಲೈನ್ ಬಿಡಿಸಿ, ಕೊನೆಗೆ ಹಾಲಿನ ಸೀಲಿಂಗಿನ ಫ್ಯಾನ್ ಬಾಕ್ಸ್ ಬಿಚ್ಚಿದರು. ಬಿಚ್ಚಿದ ಕೂಡಲೇ ಬಾಕ್ಸಿನಿಂದ ನೀರು ಸುರಿದು ಅವರ ಮೊಣಕೈವರೆಗೆ ಇಳಿಯಿತು. ಮೋಲ್ಡಿನೊಳಗಿನ ವೈರಿಂಗ್ ಪೈಪಿನಲ್ಲಿ ನೀರು ತುಂಬಿಕೊಂಡಿತ್ತು. ಹೋಗುವ ಕರೆಂಟಿಗೂ ವಾಪಸ್ ಬರುವ ಕರೆಂಟಿಗೂ ವ್ಯತ್ಯಾಸ ಬಂದರೆ, ಅಂದರೆ ಕರೆಂಟು ಎಲ್ಲೋ ಸೋರುತ್ತಿದ್ದರೆ, ಕಡಿದುಹಾಕುವುದು ಆರ್‌ಸಿಸಿಬಿ ಕೆಲಸ. ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರಿನದು. ನಮ್ಮಲ್ಲಿ ಮಕ್ಕಳಿದ್ದಾರೆ. ಅದಿಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ನಡುಗುತ್ತದೆ. ಮೆಯಿನ್ ಬೋರ್ಡಿನಲ್ಲಿ ಖರ್ಚು ಉಳಿಸಲು ಇದೊಂದನ್ನು ಮಾತ್ರ ಬಿಡಬೇಡಿ. ಹಾಕಿಸಿದ ಮೇಲೆ ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿ, ಬೀಳುತ್ತದಾ ಅಂತ ಆಗಾಗ ನೋಡಿಕೊಳ್ಳಿ.

ಕೊನೆಗೆ ಬೇರೆಯವರನ್ನು ಕರೆಸಿ ಬಚ್ಚಲು ಒಡೆಸಿದೆವು. ಕಮೋಡ್ ತೆಗೆದು, ಟೈಲ್ಸ್ ಎಬ್ಬಿಸಿ, ಗಾರೆ ಕಿತ್ತರು. ಕೆಳಗಿನ ಇಟ್ಟಿಗೆ ಚೂರು ಕೆಸರಾಗಿತ್ತು, ಕೊಳೆತ ವಾಸನೆ. ಮಂಕರಿಯಲ್ಲಿ ಎತ್ತಿ ಹೊರಗೆ ಹಾಕುವಾಗ ಮೆಟ್ಟಿಲುದ್ದಕ್ಕೂ ಕಪ್ಪು ನೀರು ತೊಟ್ಟಿಕ್ಕಿತು. ತಳ ತೊಳೆದ ಮೇಲೆ ಅಸಲು ವಿಷಯ ಕಂಡಿತು. ಕಮೋಡಿನ ಪೈಪು ಮೋಲ್ಡಿನಿಂದ ಹೊರಹೋಗುವ ಕಡೆ ಸುತ್ತಲೂ ಹೆಬ್ಬೆರಳು ತೂರುವಷ್ಟು ಸಂದಿ. ಅದಕ್ಕೆ ಸಿಮೆಂಟ್ ಚೀಲದ ಚೂರು ತುರುಕಿ ಮೇಲೆ ಸಿಮೆಂಟ್ ಹಾಲು ಬಳಿದಿದ್ದರು. ಚೀಲದ ಮೇಲಿನ ಅಕ್ಷರ ಇನ್ನೂ ಓದುವ ಹಾಗಿತ್ತು. ಡಬಲ್ ಕೆಮಿಕಲ್ ಅಂದಿದ್ದು ತಳಕ್ಕೆ ಮಾತ್ರ, ಅದೂ ಒಂದೇ ಕೋಟು. ಮೂಲೆಗಳಲ್ಲಿ ಇರಲಿಲ್ಲ, ಗೋಡೆಗೆ ಒಂದು ಇಂಚೂ ಹತ್ತಿಸಿರಲಿಲ್ಲ. ನೀರು ನಿಲ್ಲಿಸಿದ್ದರೆ ಇದು ಮೊದಲ ದಿನವೇ ಕೆಳಗೆ ಸೋರಿ ಸಿಕ್ಕಿಬೀಳುತ್ತಿತ್ತು. ನೀರು ನಿಲ್ಲಿಸಲು ಯಾಕೆ ಒಪ್ಪಲಿಲ್ಲ ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರಡನೇ ಸಲ ಬಂದ ಮೇಸ್ತ್ರಿ ಮಾಡಿದ ರೀತಿ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಹೋಲಿಸಿ ನೋಡಲು ಅನುಕೂಲ. ಪೈಪಿನ ಸುತ್ತ ಉಳಿಯಿಂದ ಕೊರೆದು, ಕುಗ್ಗದ ಗ್ರೌಟ್ ತುಂಬಿದರು. ನೆಲ ಗೋಡೆ ಸೇರುವ ಮೂಲೆಗಳನ್ನು ಗಾರೆಯಿಂದ ಗುಂಡಗೆ ಮಾಡಿದರು. ಚೂಪಾದ ಮೂಲೆಯಲ್ಲೇ ಕೋಟ್ ಬಿರುಕು ಬಿಡುವುದಂತೆ. ಪೂರ್ತಿ ಒಣಗಿದ ಮೇಲೆ ಎರಡು ಕೋಟ್, ಶವರ್ ಇರುವ ಗೋಡೆಗೆ 6 ಅಡಿವರೆಗೆ. ಗುಂಡಿಯ ತಳದಿಂದ ಹೊರಗೋಡೆಗೆ ಒಂದು ಸಣ್ಣ ಪೈಪು ಬಿಟ್ಟರು. ಮುಂದೆ ಯಾವತ್ತಾದರೂ ಒಳಗೆ ನೀರು ಸೇರಿದರೆ ಅದು ಹೊರಗೆ ತೊಟ್ಟಿಕ್ಕಿ ಸುಳಿವು ಕೊಡುತ್ತದೆ. ನೀರು ತುಂಬಿ ಬಿಟ್ಟು, ಕೆಳಗಿನಿಂದ ಟಾರ್ಚ್ ಹಾಕಿ, ಅಂಗೈ ಒತ್ತಿ ನೋಡಿದೆವು. ಟೈಲ್ಸ್ ಆದ ಮೇಲೆ ಮತ್ತೊಮ್ಮೆ ನೀರು ನಿಲ್ಲಿಸಿದರು. ವಾಟವನ್ನು ರಸಮಟ್ಟ ಇಟ್ಟು ತೋರಿಸಿದರು, 4 ಅಡಿಗೆ ಅರ್ಧ ಇಂಚು ಇಳಿಜಾರು. ಒಂದು ಚೊಂಬು ನೀರು ಚೆಲ್ಲಿದರೆ ಎಲ್ಲೂ ನಿಲ್ಲದೆ ಸೀದಾ ನೀರು ಹೊರಹೋಗುವ ಟ್ರಾಪಿಗೆ ಹೋಗಬೇಕು. ಇದನ್ನು ನೋಡಲು ಇಂಜಿನಿಯರೇ ಬೇಕಿಲ್ಲ.

ಒಡೆಸಿದಾಗ ಇನ್ನೊಂದು ತಲೆನೋವು. ಅದೇ ಟೈಲ್ಸ್ ಸಿಗಲಿಲ್ಲ. ಅದೇ ಕಂಪನಿ, ಅದೇ ಡಿಸೈನ್, ಆದರೂ ಬಣ್ಣ ಒಂದು ತೂಕ ಬೇರೆ. ಟೈಲ್ಸ್ ಡಬ್ಬಿ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತದೆ. ತಗೊಳ್ಳುವಾಗ ಎಲ್ಲ ಡಬ್ಬಿಯಲ್ಲೂ ಒಂದೇ ಇದೆಯಾ ನೋಡಿ. ಮಿಕ್ಕ ಡಬ್ಬಿಗಳನ್ನು ಅಂಗಡಿಗೆ ವಾಪಸ್ ಕಳಿಸದೆ ಒಂದೆರಡಾದರೂ ಅಟ್ಟದ ಮೇಲೆ ಇಟ್ಟುಕೊಳ್ಳಿ.

ಪುಟ್ಟಿ, ಪೇಂಟ್ ಕಥೆಯೂ ಇದೇ ಅವಸರದ್ದು. ಹೊಸ ಪ್ಲಾಸ್ಟರಿಂಗಿಗೆ ವಾರಕ್ಕೂ ಮೇಲೆ ನೀರು ಹಾಕಿ ಕ್ಯೂರಿಂಗ್ ಮಾಡಬೇಕು, ಆಮೇಲೆ ಒಣಗಲು ಬಿಡಬೇಕು. ಎರಡೂ ಸೇರಿ 28 ದಿನ ಅನ್ನುವುದು ಸಾಮಾನ್ಯ ಲೆಕ್ಕ. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ತೇವ ಇರುವಾಗಲೇ ಪುಟ್ಟಿ ಎಳೆದರೆ ಒಳಗಿನ ನೀರು ಹೊರಬರುವಾಗ ಸಿಮೆಂಟಿನ ಉಪ್ಪನ್ನೂ ಎಳೆದು ತರುತ್ತದೆ. ನಮ್ಮ ರೂಮಿನ ಗೋಡೆ ಬಿಳಿ ಹಿಟ್ಟು ಉದುರಿಸುತ್ತಾ ಇತ್ತು. ಬಚ್ಚಲ ಗೋಡೆಗೆ ಒರಗಿದ ವಾರ್ಡ್‌ರೋಬಿನ ಹಿಂಭಾಗ ಉಬ್ಬಿ, ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯಿತು. ಅದರಲ್ಲೊಂದು ನನ್ನ ಮದುವೆಯದು. ಪೇಂಟರು ಗೋಡೆ ಒಣಗಿದೆ ಅಂದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮಾರನೇ ದಿನ ನೋಡಿ. ಹಾಳೆಯ ಒಳಬದಿಯಲ್ಲಿ ಬೆವರಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ.

ಇನ್ನು ಕಾಗದ ಪತ್ರ. ನಮ್ಮ ಅಗ್ರಿಮೆಂಟಿನಲ್ಲಿ "ವಾಟರ್‌ಪ್ರೂಫಿಂಗ್ ಸೇರಿ" ಅಂತ ಇತ್ತು, ಅಷ್ಟೇ. ಎಷ್ಟು ಕೋಟು, ಎಲ್ಲೆಲ್ಲಿ, ಎಷ್ಟು ಗಂಟೆ ನೀರು ನಿಲ್ಲಿಸಬೇಕು, ಸೋರಿದರೆ ಒಡೆದು ಸರಿಮಾಡುವ ಖರ್ಚು ಯಾರದು ಅನ್ನುವುದೆಲ್ಲ ಬರವಣಿಗೆಯಲ್ಲಿ ಇರಬೇಕು. ಒಟ್ಟು ಮೊತ್ತದಲ್ಲಿ ಶೇಕಡಾ 5ರಷ್ಟನ್ನಾದರೂ ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಹಾಕಿಸಿ. ಇದಕ್ಕೆ ಒಪ್ಪದ ಕಂಟ್ರಾಕ್ಟರ್ ಮೊದಲೇ ಗೊತ್ತಾದರೆ ಒಳ್ಳೆಯದೇ ಆಯಿತು. ಕೈಯಿಂದ ಕೈಗೆ ದುಡ್ಡು ಕೊಡಬೇಡಿ, ಬ್ಯಾಂಕಿನ ಮೂಲಕವೇ ಹಾಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಕೆಲಸ ಕೆಟ್ಟರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಅಲ್ಲೇ ದೂರು ಕೊಡಬಹುದು, ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು. ನಾವೂ ಒಡೆಯುವಾಗಿನ ಫೋಟೊ, ವಿಡಿಯೊ, ವಾಟ್ಸಾಪ್ ಮಾತು ಎಲ್ಲ ಜೋಡಿಸಿಟ್ಟು ವಕೀಲರಿಂದ ನೋಟಿಸ್ ಕೊಡಿಸಿದ್ದೇವೆ.

ಹಿರಿಯರ ಮಾತಿಗೆ ಎದುರಾಡುವುದು ಹೇಗೆ ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಪುರೋಹಿತರನ್ನು ಆಮೇಲೆ ಕೇಳಿದೆ. "ಬಾಗಿಲು ಇರ್ಬೇಕಮ್ಮ, ಮೇಲೆ ಸೂರು ಇರ್ಬೇಕು, ವಾಸ್ತು ಬಲಿ ಕೊಟ್ಟು ನಾಲ್ಕು ಜನಕ್ಕೆ ಊಟ ಹಾಕಿರ್ಬೇಕು. ಪೇಂಟು, ಟೈಲ್ಸು ಆಗಿರ್ಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ" ಅಂದರು. ಹಾಗಾಗಿ ಒಳ್ಳೆ ದಿನ ತಪ್ಪಬಾರದು ಅಂತಿದ್ದರೆ ಗಾರೆ ನೆಲದ ಮೇಲೇ ಹೋಮ ಮಾಡಿಸಿ, ಹಾಲು ಉಕ್ಕಿಸಿ. ಮಿಕ್ಕ ಕೆಲಸ ನಿಧಾನಕ್ಕೆ ಆಗಲಿ, ಒಕ್ಕಲು ಹೋಗುವುದು ಶ್ರಾವಣಕ್ಕೋ ದಸರೆಗೋ ಇರಲಿ. ಬಾಡಿಗೆ ಇನ್ನೆರಡು ತಿಂಗಳು ಕಟ್ಟಿದರೆ ಕಟ್ಟಿದಿರಿ. ನಮಗೆ ಒಡೆದು ಕಟ್ಟಿಸಲು ಆದ ಖರ್ಚಿನಲ್ಲಿ ಒಂದು ವರ್ಷದ ಬಾಡಿಗೆ ಕಟ್ಟಬಹುದಿತ್ತು.

ನಿಮ್ಮ ಮನೆಯಲ್ಲಿ ಈಗ ಟೈಲ್ಸ್ ಕೆಲಸ ಶುರುವಾಗುವುದರಲ್ಲಿದ್ದರೆ ನಾಳೆ ಬೆಳಿಗ್ಗೆ ಸೈಟಿಗೆ ಹೋದಾಗ ಗೋಡೆ ಕೊರೆದು ಪೈಪು, ವೈರು ಕೂರಿಸಿರುವ ಜಾಗಗಳಿಗೆ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅನ್ನುವುದು ಕಾಣುವ ಹಾಗೆ ಫೋಟೊ ತೆಗೆದಿಟ್ಟುಕೊಳ್ಳಿ. ಪ್ಲಂಬರ್‌ಗೆ ಹೇಳಿ ಪ್ರೆಶರ್ ಪಂಪ್ ತರಿಸಿ, ಗೋಡೆ ಮುಚ್ಚುವ ಮೊದಲು ಪೈಪುಗಳನ್ನು ಟೆಸ್ಟ್ ಮಾಡಿಸಿ. ಗೇಜಿನ ಮುಳ್ಳು ಇಳಿಯಬಾರದು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆಗಿದೆ ಅಂದರೆ ಟ್ರಾಪಿನ ಬಾಯಿ ಮುಚ್ಚಿಸಿ, ನಿಮ್ಮ ಕೈಯಾರೆ ನೀರು ಬಿಡಿ, ನೀವೇ ಗೆರೆ ಎಳೆಯಿರಿ. ಡೇಟ್ ಹತ್ತಿರ ಬಂತು ಅಂತ ಯಾರಾದರೂ ತಡೆದರೆ ಡೇಟನ್ನೇ ಮುಂದಕ್ಕೆ ಹಾಕಿ.