ಎರಡೂವರೆ ವರ್ಷ ಆ್ಯಪ್‌ನಲ್ಲಿ ಗಾಡಿ ಬುಕ್ ಮಾಡಿ ಗಾದಿ ಕಳಿಸಿದ ಮೇಲೆ

ಹುಬ್ಬಳ್ಳಿ ಕಾಟನ್ ಮಾರ್ಕೆಟ್ ಹತ್ತಿರ ನಮ್ಮದು ಹತ್ತಿ ಗಾದಿ ಅಂಗಡಿ. ಹತ್ತಿ ಪಿಂಜಿಸಿ, ಖೋಳಕ್ಕೆ ತುಂಬಿ, ಹೊಲಿಸಿ ಮಾರುತ್ತೇವೆ. ಹೊಲಿಗೆ ಕೆಲಸ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ, ಮಾಲು ಗಿರಾಕಿ ಮನೆ ಮುಟ್ಟಿಸುವುದು ನನ್ನ ಜವಾಬ್ದಾರಿ. ಅದಕ್ಕೆ ಎರಡೂವರೆ ವರ್ಷದಿಂದ ಸಣ್ಣ ಗೂಡ್ಸ್ ಗಾಡಿ ಬುಕ್ ಮಾಡುವ ಆ್ಯಪ್ ಬಳಸುತ್ತಿದ್ದೇನೆ. ವಾರಕ್ಕೆ ಮೂರ್ನಾಲ್ಕು ಬಾಡಿಗೆ, ಮದುವೆ ಸೀಸನ್‌ನಲ್ಲಿ ಇನ್ನೂ ಜಾಸ್ತಿ. ಆ್ಯಪ್‌ನ ಹೆಸರು ಬೇಡ, ದೂರುಗಳೂ ಇವೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಹಿಂದೆ ಗಾಡಿ ಬೇಕಂದರೆ ಸ್ಟ್ಯಾಂಡಿಗೆ ಹೋಗಿ ಚೌಕಾಸಿ ಮಾಡಬೇಕಿತ್ತು. ಅದೇ ನವನಗರಕ್ಕೆ ಒಬ್ಬರು 400 ಅಂದರೆ ಇನ್ನೊಬ್ಬರು 700 ಅನ್ನುತ್ತಿದ್ದರು, ಹೆಂಗಸು ಬಂದಿದ್ದಾಳೆ ಅಂತ ರೇಟು ಏರಿಸುವವರೂ ಇದ್ದರು. ಈಗ ಅಂಗಡಿಯಲ್ಲೇ ಕೂತು ರೇಟು ನೋಡುತ್ತೇನೆ, ಅದನ್ನೇ ಗಿರಾಕಿಗೆ ಹೇಳುತ್ತೇನೆ. ಮಾಲು ಎಲ್ಲಿ ಹೊರಟಿದೆ ಅಂತ ಫೋನಿನಲ್ಲಿ ಕಾಣುತ್ತದೆ. ಹಗಲು ಹೊತ್ತು ಊರೊಳಗೆ ಹತ್ತು ಹದಿನೈದು ನಿಮಿಷಕ್ಕೆ ಗಾಡಿ ಬಂದುಬಿಡುತ್ತದೆ. ಇಷ್ಟಕ್ಕಾದರೂ ನಾನು ಆ್ಯಪ್ ಬಿಡುವುದಿಲ್ಲ.

ಹೊಸದಾಗಿ ಬಳಸುವವರಿಗೆ ಒಂದು ಮಾತು. ತೂಕ ನೋಡಿ ಗಾಡಿ ಆರಿಸಬೇಡಿ, ಅಳತೆ ನೋಡಿ. ಹತ್ತು ಗಾದಿ ಸೇರಿದರೂ ಇನ್ನೂರು ಇನ್ನೂರೈವತ್ತು ಕೆಜಿ ಆಗುತ್ತದೆ, ಅದಕ್ಕೆ ಆ್ಯಪ್ ಮೂರು ಗಾಲಿಯ ಗಾಡಿ ಸಾಕು ಅನ್ನುತ್ತದೆ. ಆದರೆ 6 ಅಡಿಯ ಗಾದಿ ಅದರಲ್ಲಿ ಹಿಂದೆ ಜೋತು ಬೀಳುತ್ತದೆ, ಸೊಂಟ ಮುರಿದ ಹಾಗೆ ಮಡಚಿಕೊಂಡು ಹೊಲಿಗೆ ಬಿಚ್ಚುತ್ತದೆ. ಟಾಟಾ ಏಸ್ ಅಂದರೆ ನಮ್ಮ ಛೋಟಾ ಹಾಥಿ, ಅದರ ಹಿಂಭಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ಚೂರು ಕಡಿಮೆ ಅಗಲ. 6 ಅಡಿ ಉದ್ದ, 4 ಅಡಿ ಅಗಲದ ಗಾದಿ ಮಡಚದೆ ಕೂರುತ್ತದೆ. ನೂರು ರೂಪಾಯಿ ಹೆಚ್ಚಾದರೂ ನಾನು ಅದನ್ನೇ ಕರೆಸುತ್ತೇನೆ.

ಮ್ಯಾಪಿನಲ್ಲಿ ಜಾಗ ತೋರಿಸುವ ಪಿನ್ ಹಾಕುವಾಗಲೂ ಹುಷಾರು. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ 2018ರಿಂದ ನಡುವಿನ ದಾರಿ ಚಿಗರಿ ಅನ್ನುವ ವೇಗದ ಬಸ್ಸಿಗೆ ಮೀಸಲು, ನಮಗೆ ಬೇಕಾದಲ್ಲಿ ಆಚೆ ದಾಟಲು ಆಗುವುದಿಲ್ಲ. ಪಿನ್ ರಸ್ತೆಯ ಆ ಕಡೆ ಬಿದ್ದರೆ ಗಾಡಿ ದೂರ ಹೋಗಿ ತಿರುಗಿ ಬರಬೇಕು. ಡ್ರೈವರ್ ಸಿಟ್ಟಾಗುತ್ತಾನೆ, ಅವನದೇನು ತಪ್ಪು ಅಲ್ವಾ?

ಧಾರವಾಡದ ಬಾಡಿಗೆ ಬಂದಾಗ ಆ್ಯಪ್ ಸೋಲುತ್ತದೆ. 20 ಕಿಲೋಮೀಟರ್ ಹೋಗಿ ಖಾಲಿ ವಾಪಸ್ ಬರುವ ಡೀಸೆಲ್ ಖರ್ಚು ಯಾರೂ ಕೊಡುವುದಿಲ್ಲ. ಹಾಗಾಗಿ ಒಪ್ಪಿಕೊಂಡವರೂ ಸ್ಥಳ ನೋಡಿ ಕ್ಯಾನ್ಸಲ್ ಮಾಡುತ್ತಾರೆ, ಇಲ್ಲವೇ "ಅಕ್ಕಾರ, ನೀವ ಕ್ಯಾನ್ಸಲ್ ಮಾಡ್ರಿ, ರೊಕ್ಕ ನನ್ನ ಕೈಯಾಗ ಕೊಡ್ರಿ" ಅನ್ನುತ್ತಾರೆ. ಒಮ್ಮೆ ಹಾಗೆ ಮಾಡಿದೆ. ಗಾಡಿ ಎಲ್ಲಿದೆ ಅಂತ ಗೊತ್ತಾಗದೆ ಮೂರು ತಾಸು ಒದ್ದಾಡಿದೆ. ಈಗ ಬುಕಿಂಗ್ ಆ್ಯಪ್‌ನಲ್ಲೇ ಇರಲಿ ಅಂತೇನೆ, ವಾಪಸ್ ಬರುವ ಖರ್ಚಿಗೆ ನೂರೋ ನೂರೈವತ್ತೋ ಕೈಯಲ್ಲಿ ಕೊಡುತ್ತೇನೆ.

ಕಳೆದ ಮಳೆಗಾಲದಲ್ಲಿ ಧಾರವಾಡದ ಸಪ್ತಾಪುರದ ಒಂದು ಪಿ.ಜಿ.ಗೆ ಹನ್ನೆರಡು ಗಾದಿ ಹೋಗಬೇಕಿತ್ತು. ಹಣ ವಸೂಲಿಗೆ ನಾನೂ ಮುಂದೆ ಕೂತು ಹೋಗಿದ್ದೆ. ರಾಯಾಪುರ ದಾಟುವಾಗ ಮೋಡ ಕವಿಯಿತು. ಹನಿ ಬೀಳುವ ಮೊದಲೇ ಡ್ರೈವರ್ ಗಾಡಿ ಬದಿಗೆ ಹಾಕಿ ತಾಡಪತ್ರಿ ತೆಗೆದರು. ಮೇಲೆ ಹೊದಿಸುತ್ತಾರೆ ಅಂದುಕೊಂಡೆ. ಅವರು ಮೊದಲು ತಳದ ಗಾದಿಯ ಅಂಚು ಎತ್ತಿ, ತಾಡಪತ್ರಿಯ ಒಂದು ತುದಿಯನ್ನು ಕೆಳಗೆ ತುರುಕಿದರು. "ಮಳಿ ಮ್ಯಾಲಿಂದಷ್ಟ ಬರೂದಿಲ್ರಿ ಅಕ್ಕಾರ, ಹಿಂದಿನ ಬಾಗಲಾ ಸಂದಿಂದ ಗಾಲಿ ನೀರು ಸಿಡೀತೈತಿ" ಅಂದರು. ಆಮೇಲೆ ಉಳಿದದ್ದನ್ನು ಮೇಲೆ ಎಳೆದು, ಮೂಲೆಮೂಲೆಗೂ ಹಗ್ಗ ಬಿಗಿಯುವಷ್ಟರಲ್ಲಿ ಮಳೆ ಸುರಿದು ಅವರು ತೊಯ್ದರು. ಧಾರವಾಡ ಮುಟ್ಟುವಷ್ಟರಲ್ಲಿ ಅವರ ಅಂಗಿ ಇನ್ನೂ ತೊಯ್ದೇ ಇತ್ತು. ಹನ್ನೆರಡು ಗಾದಿಯಲ್ಲಿ ಒಂದಕ್ಕೂ ನೀರು ತಾಗಿರಲಿಲ್ಲ. ನಾನು ಕಟ್ಟಿದ್ದು 860, ಅವರ ಪಾಲು ಅಂತ ಅವರ ಫೋನಿನಲ್ಲಿ ತೋರಿಸಿದ್ದು 710. ಈ ಕೆಲಸಕ್ಕೆ ಅದರಲ್ಲಿ ಒಂದು ಪೈಸೆಯೂ ಇಲ್ಲ.

ಅದಕ್ಕೂ ಹಿಂದಿನ ವರ್ಷ ಬೇರೆ ಗಾಡಿ ಬಂದಿತ್ತು, ತಾಡಪತ್ರಿಯೇ ಇರಲಿಲ್ಲ. ಮೂರು ಗಾದಿ ನೆನೆದವು. ನೆನೆದ ಹತ್ತಿ ಗಂಟು ಕಟ್ಟುತ್ತದೆ, ಬಿಚ್ಚಿ ಒಣಗಿಸಿ ಮತ್ತೆ ಪಿಂಜಿಸಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕನ್ನಡಕ್ಕೆ ಒತ್ತಿದರೂ ಹಿಂದಿಯಲ್ಲೇ ಮಾತಾಡಿದರು. ನಾಲ್ಕು ಸಲ ಫೋಟೋ ಕಳಿಸಿದ ಮೇಲೆ ಮುಂದಿನ ಬುಕಿಂಗ್‌ಗೆ 150 ರೂಪಾಯಿ ಕೂಪನ್ ಬಂತು. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಬೇಸರದಲ್ಲಿ ಸುಮ್ನೆ ಡ್ರೈವರ್‌ಗೆ ಒಂದು ಸ್ಟಾರ್ ಕೊಟ್ಟುಬಿಡಬೇಡಿ. ನಮ್ಮಲ್ಲಿಗೆ ಆಗಾಗ ಬರುವ ಒಬ್ಬ ಡ್ರೈವರ್‌ರ ಆ್ಯಪ್ ಐಡಿ ಯಾರದೋ ದೂರಿಗೆ ಮೂರು ದಿನ ಬಂದ್ ಆಗಿತ್ತು, ಗಾಡಿಯ ಕಂತು ಮಾತ್ರ ನಿಲ್ಲಲಿಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರ ಕಾಯ್ದೆ ಬಂದಿದೆ, ಸರಕು ಸಾಗಿಸುವವರೂ ಅದರಲ್ಲಿ ಸೇರುತ್ತಾರೆ. ಅವರಿಗೆ ಸಿಗುವ ಹಣದ ಮೇಲೆ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಂಪನಿ ಕಟ್ಟಬೇಕು, ತೆಗೆದುಹಾಕುವುದಿದ್ದರೆ 14 ದಿನ ಮೊದಲೇ ತಿಳಿಸಬೇಕು. ನಿಮ್ಮಲ್ಲಿಗೆ ಬರುವ ಡ್ರೈವರ್‌ಗಳಿಗೂ ಇದನ್ನು ಹೇಳಿ. ನಾನು ಹೇಳಿದ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಂಪನಿಯವರು ಓದಿದರೆ, ಬುಕ್ ಮಾಡುವ ಕಡೆ ಎರಡು ವಿಷಯ ಸೇರಿಸಿ ಸಾಕು: ಗಾಡಿಯ ಹಿಂಭಾಗ ಎಷ್ಟು ಅಡಿ, ಡ್ರೈವರ್ ಹತ್ತಿರ ತಾಡಪತ್ರಿ ಇದೆಯೋ ಇಲ್ಲವೋ. ತಾಡಪತ್ರಿ ಇದ್ದವರಿಗೆ ಮೂವತ್ತು ರೂಪಾಯಿ ಜಾಸ್ತಿ ಹಾಕಿ, ಅದನ್ನು ಪೂರ್ತಿ ಅವರಿಗೇ ಕೊಡಿ.